ಗೋಳಿಮಕ್ಕಿಯ ಟರ್ಬೈನಿಗೆ ಎರಡು ಪುಸ್ತಕ

ಪುಕ್ಕಲು ಎಂದರೆ ಏನೆಂದು ನೋಡಬೇಕಿದ್ದರೆ ಹೊಸನಗರದ ಬಸ್‌ಸ್ಟ್ಯಾಂಡಿನ ಹಿಂದಿರುವ ನಾಗೇಂದ್ರನ ಅಂಗಡಿಯಲ್ಲಿ ಎರಡು ನಿಮಿಷ ನಿಂತರೆ ಸಾಕು. ಒಂದು ತಂತಿ ಮುಟ್ಟುವ ಮುನ್ನ ಸ್ವಿಚ್ಚು ಆರಿಸುತ್ತಾನೆ, ಮೇನ್ ಸ್ವಿಚ್ಚೂ ಆರಿಸುತ್ತಾನೆ, ಟೆಸ್ಟರ್ ಇಟ್ಟು ನೋಡುತ್ತಾನೆ, ಆಮೇಲೆ ಆ ಟೆಸ್ಟರೇ ಕೆಟ್ಟಿರಬಹುದೆಂದು ಇನ್ನೊಂದು ಟೆಸ್ಟರ್ ಹುಡುಕುತ್ತಾನೆ. ನಲವತ್ತಾರು ವರ್ಷದ ಗಂಡಸು! ಬೈಕಿನಲ್ಲಿ ಹೋದರೆ ಸೈಕಲ್ಲಿನವರು ಹಿಂದೆ ಹಾಕಿ ಹೋಗುತ್ತಾರೆ. "ನಿಮ್ಮನ್ನ ನೋಡಿದ್ರೆ ಕರೆಂಟೇ ಬೇಜಾರು ಮಾಡ್ಕಂಡು ಹೋಗ್ತದೆ" ಎಂದು ಹೆಂಡತಿ ರೇಗಿಸುತ್ತಾಳೆ. ಇಂಥವನು ಮೂವತ್ತು ವರ್ಷದಿಂದ ಕರೆಂಟಿನ ಕೆಲಸದಲ್ಲೇ ಹೊಟ್ಟೆ ಹೊರೆದುಕೊಂಡು ಬಂದಿದ್ದಾನೆ.

ಹುಟ್ಟಿದ್ದು ಗೋಳಿಮಕ್ಕಿಯಲ್ಲಿ. ಹೊಸನಗರದಿಂದ ಮೂವತ್ತು ಕಿಲೋಮೀಟರ್, ಅದರಲ್ಲಿ ಕೊನೆಯ ಎರಡಕ್ಕೆ ಕಾಲೇ ಗತಿ. ನಾಲ್ಕೇ ಮನೆ. ಶರಾವತಿಗೆ ಅಣೆಕಟ್ಟು ಕಟ್ಟಿದಾಗ ಅಜ್ಜಂದಿರ ಗದ್ದೆ, ಮನೆ ಎಲ್ಲ ಮುಳುಗಿ, ಲಾರಿಯಲ್ಲಿ ತಂದು ಇಲ್ಲಿ ಇಳಿಸಿದ ಜನ. ನಾಡಿಗೆಲ್ಲ ಬೆಳಕು ಕೊಡಲು ಮುಳುಗಿದವರ ಮೊಮ್ಮಕ್ಕಳು ಚಿಮಣಿ ಬುಡ್ಡಿ ಹಚ್ಚಿಕೊಂಡು ಓದಿದರು, ಕೇಳುವವರಿರಲಿಲ್ಲ. ನಾಗೇಂದ್ರನ ತಾಯಿ ಅವನಿಗೆ ಆರು ವರ್ಷವಾಗಿದ್ದಾಗಲೇ ತೀರಿಕೊಂಡಳು. ಸಾಕಿದ್ದು ತಾಯಿಯ ಅಕ್ಕ ಕೆರಿಯಮ್ಮ. ಗಂಡನಿಲ್ಲ, ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿಲ್ಲ. ಇರುವುದೆಲ್ಲ ಇವನೇ ಎಂದು ಸಾಕಿದಳು. ಗುಡುಗು ಬಂದರೆ ಅವಳ ಸೆರಗಿನೊಳಗೆ ತಲೆ ತೂರಿಸುತ್ತಿದ್ದ ಹುಡುಗ ಹತ್ತನೇ ಕ್ಲಾಸಿನಲ್ಲಿ ಎರಡು ಸಲ ಡುಮ್ಕಿ ಹೊಡೆದು, ತೀರ್ಥಹಳ್ಳಿಯಲ್ಲಿ ಮುಕುಂದಯ್ಯನವರ ಮೋಟಾರ್ ರಿವೈಂಡಿಂಗ್ ಅಂಗಡಿ ಸೇರಿಕೊಂಡ. ಮೊದಲ ವಾರವೇ ಶಾಕ್ ಹೊಡೆದು ಗೋಡೆಗೆ ಬಿದ್ದ. ಎದ್ದವನು ಓಡಿಹೋಗಲಿಲ್ಲ, ಒಂದು ನೋಟ್‌ಬುಕ್ ತಂದ. ಏನು ಮುಟ್ಟಿದೆ, ಯಾವುದರ ನಂತರ ಯಾವುದು ಮುಟ್ಟಬೇಕು, ಎಲ್ಲ ಕನ್ನಡದಲ್ಲಿ ಬರೆದಿಟ್ಟ. ಬರೆದ ಮೇಲೆ ಹೆದರಿಕೆ ಸ್ವಲ್ಪ ಇಳಿಯುತ್ತಿತ್ತು.

ಹಳ್ಳದ ನೀರಿನಿಂದ ಕರೆಂಟು ತೆಗೆಯುವ ಪುಟ್ಟ ಟರ್ಬೈನುಗಳು ಬಂದ ಮೇಲೆ ನಾಗೇಂದ್ರನ ನಸೀಬು ಖುಲಾಯಿಸಿತು. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿನಲ್ಲಿ ಸೇರಿ ಹನ್ನೊಂದು ಕಡೆ ಕೂರಿಸಿದ. ಗೋಳಿಮಕ್ಕಿಯದೇ ಮೊದಲನೆಯದು. ಗುಡ್ಡದ ಮೇಲಿನ ತೊಟ್ಟಿಯಿಂದ ಪೈಪಿನಲ್ಲಿ ನೀರು ಇಳಿಯುತ್ತದೆ, ಚಕ್ರ ತಿರುಗುತ್ತದೆ, ನಾಲ್ಕು ಮನೆಗೆ ಬಲ್ಬು, ಟಿವಿ, ಮಿಕ್ಸಿ. ಎಲ್ಲವನ್ನೂ ನಡೆಸುವುದು ಗೋಡೆಗೆ ಹೊಡೆದ ಒಂದು ಪೆಟ್ಟಿಗೆ. ಅದರೊಳಗೆ ಸಣ್ಣ ಕಂಪ್ಯೂಟರ್, ಅದಕ್ಕೊಂದು ಬ್ಯಾಟರಿ. ಗುಂಡಿ ಒತ್ತಿದರೆ ಪೈಪಿನ ವಾಲ್ವು ತಾನೇ ಮುಚ್ಚಿಕೊಳ್ಳುತ್ತದೆ.

ಪೆಟ್ಟಿಗೆಯ ಸಹಾಯಪುಸ್ತಕ ಇಂಗ್ಲಿಷಿನಲ್ಲಿತ್ತು. ಪೆಟ್ಟಿಗೆ ಮಾಡಿದ ಕಂಪನಿಯವರನ್ನು ಕೇಳಿಕೊಂಡು, ಒಂದಿಡೀ ಮಳೆಗಾಲ ಡಿಕ್ಷನರಿ ಹಿಡಿದು ಕೂತು, ನಾಗೇಂದ್ರ ಅದನ್ನು ಕನ್ನಡಕ್ಕೆ ತಂದ. ಮೂವತ್ತನಾಲ್ಕು ಪುಟ. ಎಸ್ಸೆಸ್ಸೆಲ್ಸಿ ಪಾಸಾಗದವನು ಪುಸ್ತಕ ಬರೆದ! ಕಂಪನಿಯವರು ಮೆಚ್ಚಿ ಅದನ್ನು ಬೇರೆಯದೇ ಪ್ಯಾಕೇಜು ಮಾಡಿ ಕೊಟ್ಟರು. ಚಕ್ರ ನಡೆಸುವ ತಂತ್ರಾಂಶ ಒಂದು ಪ್ಯಾಕೇಜು, ನಾಗೇಂದ್ರನ ಕನ್ನಡ ಸಹಾಯ ಇನ್ನೊಂದು. ಎರಡನ್ನೂ ಪೆಟ್ಟಿಗೆಗೆ ತುಂಬಿದರೆ ಪರದೆಯ ಮೇಲೆ ಅವನ ಪುಟಗಳು ಮೂಡುತ್ತಿದ್ದವು. ಅದರಲ್ಲಿ ಮುಖ್ಯವಾದ ಒಂದು ಹಾಳೆಯನ್ನು, ಚಕ್ರ ನಿಲ್ಲಿಸಿ ಚೊಕ್ಕಟ ಮಾಡುವ ಕ್ರಮವನ್ನು, ಲ್ಯಾಮಿನೇಟ್ ಮಾಡಿಸಿ ಹನ್ನೊಂದೂ ಶೆಡ್ಡುಗಳ ಗೋಡೆಗೆ ಅಂಟಿಸಿದ್ದ.

ಗೋಳಿಮಕ್ಕಿಯ ಚಕ್ರ ತೊಳೆಯುವ ಕೆಲಸ ಕೆರಿಯಮ್ಮನದು. ಅರವತ್ತೆಂಟಾದರೂ ಯಾರಿಗೂ ಬಿಟ್ಟುಕೊಟ್ಟವಳಲ್ಲ. ಅವಳು ಅಕ್ಷರ ಕಲಿತಿದ್ದೇ ನಲವತ್ತರ ನಂತರ, ಸಾಕ್ಷರತೆಯ ಕ್ಲಾಸಿನಲ್ಲಿ. ಹಾಗಾಗಿ ಪ್ರತಿ ಸಲವೂ ಗೋಡೆಯ ಹಾಳೆಯ ಮೇಲೆ ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ, ಗಟ್ಟಿಯಾಗಿ ಓದಿ, ಹಾಳೆ ಹೇಳಿದಂತೆಯೇ ಮಾಡುತ್ತಿದ್ದಳು. ಬಾಯಿಪಾಠವಾಗಿ ಎಷ್ಟೋ ವರ್ಷವಾಗಿತ್ತು, ಆದರೂ ಓದದೆ ಕೈ ಹಾಕುತ್ತಿರಲಿಲ್ಲ. "ನಮ್ಮ ಹುಡುಗ ಬರ್ದಿದ್ದು. ಅವನಷ್ಟು ಹೆದ್ರೋನು ಬರ್ದಿದಾನೆ ಅಂದ್ರೆ ನೂರು ಸಲ ನೋಡೇ ಬರ್ದಿರ್ತಾನೆ" ಎನ್ನುತ್ತಿದ್ದಳು.

ಅಕ್ಟೋಬರಿನ ಒಂದು ಸೋಮವಾರ ನಾಗೇಂದ್ರ ಹೊಸ ಆವೃತ್ತಿಯ ತಂತ್ರಾಂಶವನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಗೋಳಿಮಕ್ಕಿಗೆ ಹೋದ. ಹನ್ನೊಂದರಲ್ಲಿ ಮೊದಲು ತನ್ನ ಊರಿಗೇ ಆಗಲಿ ಎಂಬ ಅಭಿಮಾನ. ಪೆಟ್ಟಿಗೆಗೆ ತುಂಬುವುದು ಅರ್ಧವಾದಾಗ ಪರದೆ ಒಂದು ಪ್ರಶ್ನೆ ಕೇಳಿತು: ಹೊಸ ಪ್ಯಾಕೇಜು ತನ್ನದೇ ಕನ್ನಡ ಸಹಾಯವನ್ನು ತಂದಿದೆ, ಇದೇ ಪುಟಗಳನ್ನು ಬೇರೊಂದು ಪ್ಯಾಕೇಜು ಈಗಾಗಲೇ ಹಾಕಿದೆ, ಹಳೆಯದನ್ನು ಅಳಿಸಿ ಹೊಸದನ್ನು ಇಡಲೇ? ನಾಗೇಂದ್ರ ಹೊಸ ಕನ್ನಡ ಹೇಗಿದೆ ನೋಡೋಣವೆಂದು ಮೊದಲ ಸಾಲು ತೆರೆದ. "ಬಳಕೆದಾರರು ಯಂತ್ರವನ್ನು ನಿಲುಗಡೆಗೊಳಿಸಲ್ಪಡಿಸುವುದು." ಅವನಿಗೆ ಮೈಯೆಲ್ಲ ಉರಿಯಿತು. ಯಾವ ಊರಿನ ಕನ್ನಡ ಇದು? ಯಾರ ಬಾಯಲ್ಲಿ ಇದು ಹೊರಳುತ್ತದೆ? ದೊಡ್ಡಮ್ಮ ಇದನ್ನು ಕೂಡಿಸಿ ಓದುವ ಹೊತ್ತಿಗೆ ಸಂಜೆಯಾಗುತ್ತದೆ. ತನ್ನ ಒಂದು ಮಳೆಗಾಲದ ಬೆವರು ಅಳಿಸಿ ಈ ದರಿದ್ರವನ್ನು ಇಡಬೇಕಂತೆ. "ಬೇಡ" ಎಂದು ಒತ್ತಿದ. ಎರಡನೇ ಸಾಲನ್ನು ಓದಲಿಲ್ಲ.

ಟೆಸ್ಟರಿಗೆ ಟೆಸ್ಟರ್ ಇಟ್ಟು ನೋಡುವ ಮನುಷ್ಯ, ನೋಡಿ, ಅಂದು ತನ್ನ ಅಕ್ಷರದ ಮೇಲಿನ ಪ್ರೀತಿಯಲ್ಲಿ ಹೆದರುವುದನ್ನೇ ಮರೆತ.

ಗುರುವಾರ ಬೆಳಿಗ್ಗೆ ಕೆರಿಯಮ್ಮ ಫೋನು ಮಾಡಿದಳು. ಗೋಳಿಮಕ್ಕಿಯಲ್ಲಿ ನೆಟ್‌ವರ್ಕ್ ಸಿಕ್ಕುವುದಿಲ್ಲ. ಮನೆಯ ವೈಫೈ ಇದ್ದರೆ ಮಾತ್ರ ಮಾತು, ವೈಫೈ ನಡೆಯುವುದು ಟರ್ಬೈನಿನ ಕರೆಂಟಿನಲ್ಲಿ. ಉಳಿದ ಮೂರು ಮನೆಯವರೂ ಸಾಗರಕ್ಕೆ ಮದುವೆಗೆ ಹೋಗಿದ್ದರು. ಗಬ್ಬದ ಹಸುವೊಂದು ಇಂದೋ ನಾಳೆಯೋ ಎಂದು ನಿಂತಿದ್ದರಿಂದ ಅವಳೊಬ್ಬಳೇ ಉಳಿದಿದ್ದಳು.

"ಬಲ್ಬು ಮಿಣಿಮಿಣಿ ಅಂತದೆ ಮಗಾ. ಎಲೆ ಕಟ್ಕಂಡಿರ್ಬೇಕು. ಶೆಡ್ಡಿಗೆ ಬಂದಿದೀನಿ."

"ಹುಷಾರು ದೊಡ್ಡಮ್ಮ. ನಿಧಾನಕ್ಕೆ ಮಾಡಿ."

"ಹೂಂ ಹೂಂ, ಓದೇ ಮಾಡ್ತೀನಿ. ಇಡ್ತೀನಿ, ಗುಂಡಿ ಒತ್ತ್..."

ಕರೆ ಕತ್ತರಿಸಿತು. ಚಕ್ರ ನಿಂತಿತು, ಕರೆಂಟು ಹೋಯಿತು, ವೈಫೈ ಹೋಯಿತು, ಅಷ್ಟೆ. ಪ್ರತಿ ಸಲ ಹೀಗೇ ಆಗುತ್ತಿತ್ತು. ಫೋನು ಹತ್ತು ಗಂಟೆ ಹನ್ನೆರಡು ನಿಮಿಷ ತೋರಿಸುತ್ತಿತ್ತು.

ನಾಗೇಂದ್ರ ಕೆಲಸಕ್ಕೆ ಕೂತ. ತೀರ್ಥಹಳ್ಳಿ ಕಡೆಯವರದೊಂದು ಹೊಸ ಪೆಟ್ಟಿಗೆ ಮೇಜಿನ ಮೇಲಿತ್ತು. ಅದರಲ್ಲಿ ಹೊಸ ಪ್ಯಾಕೇಜು ಮಾತ್ರ ಇತ್ತು, ಅವನ ಪುಸ್ತಕವನ್ನು ಇನ್ನೂ ತುಂಬಿರಲಿಲ್ಲ. ತುಂಬುವ ಮುನ್ನ ಒಂದಿಷ್ಟು ನಗೋಣವೆಂದು ಆ ಹೊಸ ಕನ್ನಡವನ್ನು ಗಟ್ಟಿಯಾಗಿ ಓದತೊಡಗಿದ. "ನಿಲುಗಡೆಗೊಳಿಸಲ್ಪಡಿಸುವುದು!" ಎಂದು ತೊಡೆ ತಟ್ಟಿಕೊಂಡ. "ತದನಂತರ ಅರವತ್ತು ನಿಮಿಷಗಳ ತರುವಾಯ ಜಲದ್ವಾರವು ಸ್ವಯಂಚಾಲಿತವಾಗಿ ತೆರೆಯಲ್ಪಡುವುದು" ಎಂದು ಭಾಷಣದ ಧಾಟಿಯಲ್ಲಿ ಓದಿದ.

ಓದಿ ಮುಗಿದ ಮೇಲೆ ಕಿವಿಗೆ ಕೇಳಿತು.

ಇನ್ನೊಂದು ಸಲ ಓದಿದ, ಈ ಸಲ ಬಾಯಿ ತೆರೆಯದೆ. ಅರವತ್ತು ನಿಮಿಷದ ನಂತರ ವಾಲ್ವು ತಾನೇ ತೆರೆದುಕೊಳ್ಳುತ್ತದೆ. ನಿಲ್ಲಿಸಿ ಮರೆತುಹೋಗುವ ಮನೆಗಳು ಕತ್ತಲಲ್ಲಿ ಉಳಿಯಬಾರದೆಂದು ಹೊಸ ಆವೃತ್ತಿಯಲ್ಲಿ ಮಾಡಿದ ಅನುಕೂಲವಂತೆ. ಒಳಗೆ ಕೈ ಹಾಕುವವರು ಪೈಪಿನ ನೀರು ಕಟ್ಟುವ ಕೈಚಕ್ರವನ್ನೂ ತಿರುಗಿಸಿ ಬಿಗಿ ಮಾಡಿರಬೇಕು ಎಂದು ಅದರ ಕೆಳಗೇ ಬರೆದಿತ್ತು. ನಾಗೇಂದ್ರನ ಹಾಳೆಯಲ್ಲಿ ಕೈಚಕ್ರದ ಸುದ್ದಿಯೇ ಇಲ್ಲ. ಹಳೆಯ ಆವೃತ್ತಿಗೆ ಅದು ಬೇಕಾಗಿರಲಿಲ್ಲ. ಅವನು ಬರೆದದ್ದು ಬೇರೆಯೇ: ನೀವು ಮತ್ತೆ ಗುಂಡಿ ಒತ್ತುವವರೆಗೆ ನೀರು ಬರುವುದಿಲ್ಲ.

ಗೋಳಿಮಕ್ಕಿಯಲ್ಲಿ ಈಗ ನಡೆಯುತ್ತಿರುವುದು ಹೊಸ ತಂತ್ರಾಂಶ. ದೊಡ್ಡಮ್ಮ ಓದಿಕೊಂಡಿರುವುದು ಹಳೆಯ ಪುಸ್ತಕದ ಹಾಳೆ. ಎರಡನ್ನೂ ಒಂದೇ ಶೆಡ್ಡಿನಲ್ಲಿ ಬಿಟ್ಟು ಬಂದದ್ದು ತಾನೇ.

ಗಡಿಯಾರ ಹತ್ತು ಮೂವತ್ತನಾಲ್ಕು. ಎಲೆ ತೆಗೆಯಲು ದೊಡ್ಡಮ್ಮನಿಗೆ ಒಂದೂವರೆ ತಾಸಾದರೂ ಬೇಕು, ಅದು ಅವನಿಗೆ ಗೊತ್ತು. ಶೆಡ್ಡಿನ ಹೊಂಡದೊಳಗೆ ಇಳಿದು, ಚಕ್ರದ ಮುಚ್ಚಳ ಬಿಚ್ಚಿ, ಭುಜದವರೆಗೆ ಕೈ ಹಾಕಿ, ಅಲಗಿನ ಸಂದಿಯಲ್ಲಿ ಸಿಕ್ಕಿದ ಒಂದೊಂದೇ ಎಲೆ ತೆಗೆಯುತ್ತಾಳೆ. ಹನ್ನೊಂದು ಗಂಟೆ ಹನ್ನೆರಡು ನಿಮಿಷಕ್ಕೆ ಮೇಲಿನ ತೊಟ್ಟಿಯ ನೀರಷ್ಟೂ ಒಮ್ಮೆಲೇ ನುಗ್ಗುತ್ತದೆ. ಆ ಅಲಗುಗಳನ್ನು ಮಸೆದು ಕೂರಿಸಿದವನು ನಾಗೇಂದ್ರನೇ. ಫೋನು ಹಚ್ಚಿದ. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ. ಮತ್ತೆ ಹಚ್ಚಿದ. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ. ಆ ಹೆಂಗಸಿನ ದನಿಯನ್ನು ಎಷ್ಟು ಸಲ ಕೇಳಿದರೂ ಅರ್ಥ ಒಂದೇ: ಚಕ್ರ ನಿಂತಿದೆ, ದೊಡ್ಡಮ್ಮ ಒಳಗಿದ್ದಾಳೆ.

ಬೈಕಿನಲ್ಲಿ ಎಷ್ಟೇ ಹಾರಿಸಿಕೊಂಡು ಹೋದರೂ ಒಂದು ತಾಸಿಗೆ ಕಡಿಮೆ ಇಲ್ಲ. ಗೋಳಿಮಕ್ಕಿಗೆ ಹತ್ತಿರ, ಕಾಲುದಾರಿಯಲ್ಲಿ ಇಪ್ಪತ್ತೇ ನಿಮಿಷ ದೂರದಲ್ಲಿ, ಲ್ಯಾಂಡ್‌ಲೈನ್ ಇರುವ ಮನೆ ಒಂದೇ ಒಂದು. ಗುಡ್ಡದ ಮೇಲಿನ ಸುಬ್ಬರಾಯ ಭಟ್ಟರದು. ಅಯ್ಯೋ ದೇವರೇ, ಆ ಮನೆಯೇ ಆಗಬೇಕಿತ್ತೆ! ಟರ್ಬೈನ್ ಹಾಕಿದ ವರ್ಷವೇ, ಹಳ್ಳದ ನೀರು ತಿರುಗಿಸಿ ನನ್ನ ತೋಟ ಒಣಗಿಸಿದರು ಎಂದು ಭಟ್ಟರು ಕೋರ್ಟಿಗೆ ಹೋಗಿದ್ದರು. ಕೇಸು ಬಿದ್ದುಹೋಯಿತು, ಸಿಟ್ಟು ಬೀಳಲಿಲ್ಲ. ಹನ್ನೆರಡು ವರ್ಷದಿಂದ ಎರಡು ಮನೆಗೆ ಮಾತಿಲ್ಲ ಕತೆಯಿಲ್ಲ. ತೀರ್ಥಹಳ್ಳಿ ಪೇಟೆಯಲ್ಲಿ ಒಮ್ಮೆ ಭಟ್ಟರು ನಾಗೇಂದ್ರನನ್ನು ಹತ್ತು ಜನರ ಎದುರು ನೀರುಗಳ್ಳ ಎಂದು ಕರೆದಿದ್ದರು. ಅಂದಿನಿಂದ ಅವರ ಜೀಪು ಕಂಡರೆ ಇವನು ಪಕ್ಕದ ಓಣಿಗೆ ತಿರುಗುತ್ತಿದ್ದ.

ಹೆದರುತ್ತಾ ಕೂರಲು ಹೊತ್ತಿರಲಿಲ್ಲ, ಹೆದರುತ್ತಲೇ ಫೋನು ಮಾಡಿದ. ಮೂರನೇ ಸಲಕ್ಕೆ ಎತ್ತಿದರು.

"ಯಾರದು?"

"ಭಟ್ರೆ, ನಾನು... ನಾಗೇಂದ್ರ. ಗೋಳಿಮಕ್ಕಿ..."

"ಗೊತ್ತಾತು. ಎಂತಕ್ಕೆ? ಹಳ್ಳದಲ್ಲಿ ಉಳಿದ ಚೂರು ನೀರನ್ನೂ ಒಯ್ಯಬೇಕನಾ?"

"ಭಟ್ರೆ, ದೊಡ್ಡಮ್ಮ ಚಕ್ರದ ಒಳಗೆ ಕೈ ಹಾಕಿದಾಳೆ. ಹನ್ನೊಂದು ಗಂಟೆ ಹನ್ನೆರಡು ನಿಮಿಷಕ್ಕೆ ನೀರು ಬಿಡ್ತದೆ. ತಾನೇ ಬಿಡ್ತದೆ. ಅವಳಿಗೆ ಗೊತ್ತಿಲ್ಲ. ನಾನು ತಪ್ಪು ಮಾಡಿದೀನಿ. ಯಾರೂ ಇಲ್ಲ ಅಲ್ಲಿ. ನೀವು ಒಂದ್ಸಲ... ಕಾಲಿಗೆ ಬೀಳ್ತೀನಿ ಭಟ್ರೆ."

ಭಟ್ಟರು ಒಳಗಿದ್ದ ಹೆಂಡತಿಗೆ ಹವಿಗನ್ನಡದಲ್ಲಿ ಕೂಗಿದ್ದು ಕೇಳಿಸಿತು. "ಏ, ಎನ್ನ ಕತ್ತಿ ಎಲ್ಲಿದ್ದೇ? ಆನು ಕೆಳಗೆ ಹೋಗಿ ಬತ್ತೆ!" ರಿಸೀವರು ಧಡ್ಡನೆ ಬಿತ್ತು.

ಕತ್ತಿ ಯಾಕೆ? ಮಳೆಗಾಲ ಮುಗಿದ ಕಾಲುದಾರಿಯಲ್ಲಿ ಮುಳ್ಳು ಬೆಳೆದಿರುತ್ತದೆ, ಕತ್ತಿಯಿಲ್ಲದೆ ಯಾರೂ ಇಳಿಯುವುದಿಲ್ಲ. ಅದು ನಾಗೇಂದ್ರನಿಗೂ ಗೊತ್ತು. ಗೊತ್ತಿದ್ದರೂ ಹೆದರಿದ. ಅಂಗಡಿಯ ಬಾಗಿಲನ್ನು ಹಾಕದೆಯೇ ಬೈಕ್ ಹತ್ತಿದ.

ಆ ದಿನ ಅವನು ಓಡಿಸಿದ ಓಟವನ್ನು ನೋಡಿದವರು ಅದು ನಾಗೇಂದ್ರನೆಂದು ನಂಬಲಿಲ್ಲ. ತಿರುವಿನಲ್ಲಿ ಹಾರ್ನ್ ಹೊಡೆಯಲಿಲ್ಲ, ಬಸ್ಸಿಗೆ ದಾರಿ ಬಿಡಲಿಲ್ಲ. ಭಟ್ಟರು ಹೊರಟರೋ? ಇಳಿಜಾರಿನಲ್ಲಿ ಜಾರಿದರೆ? ಅರವತ್ತೈದರ ಮೊಣಕಾಲು, ಇಪ್ಪತ್ತು ನಿಮಿಷದ ದಾರಿಗೆ ನಲವತ್ತು ಹಿಡಿದರೆ? ಭಟ್ಟರು ಹೋಗದೆ ಜಗಲಿಯಲ್ಲಿ ಕೂತು ಎಲೆಯಡಿಕೆಯ ಕವಳ ಹಾಕುತ್ತಿದ್ದರೆ? ದೊಡ್ಡಮ್ಮನದು ಸಣ್ಣ ಕೈ, ಬಲಗೈಯ ಬಳೆ ತೆಗೆದಿಟ್ಟು ಒಳಗೆ ಹಾಕುತ್ತಾಳೆ. ಅದೊಂದೇ ಚಿತ್ರ ಕಣ್ಣಿಗೆ ಕಟ್ಟಿ ರಸ್ತೆ ಕಾಣದಂತಾಯಿತು. ರಸ್ತೆ ಅಗಲ ಮಾಡುತ್ತಿದ್ದ ಒಂದು ಕಡೆ ಜೆಸಿಬಿಯವರು ಸಾಲಾಗಿ ವಾಹನ ನಿಲ್ಲಿಸಿದ್ದರು. ಕಾಲೂರಿ ನಿಂತು ವಾಚು ನೋಡಿದ. ಹನ್ನೊಂದು ಹತ್ತು. ಕೂಗಿದ, ಬೇಡಿಕೊಂಡ. ಕಲ್ಲು ತುಂಬಿದ ಬಕೆಟ್ಟು ನಿಧಾನಕ್ಕೆ ಮೇಲೇರಿತು, ನಿಧಾನಕ್ಕೆ ತಿರುಗಿತು. ಹನ್ನೊಂದು ಹನ್ನೆರಡು. ಹನ್ನೊಂದು ಹದಿಮೂರಾದಾಗ ಬೈಕನ್ನು ಬದಿಗೊರಗಿಸಿ ಚರಂಡಿಗೆ ವಾಂತಿ ಮಾಡಿದ. ಯಾರೋ ನೀರಿನ ಬಾಟಲಿ ಕೊಟ್ಟರು, ದಾರಿ ತೆರೆದದ್ದೇ ಅದನ್ನು ಅಲ್ಲೇ ಬಿಟ್ಟು ಹೊರಟ.

ಕಾಲುದಾರಿಯ ಎರಡು ಕಿಲೋಮೀಟರನ್ನು ಅರ್ಧ ಓಡಿ ಅರ್ಧ ಎಡವಿ ಮುಗಿಸಿದ. ಶೆಡ್ಡಿನ ಮೇಲ್ಗಡೆಯ ದಿಬ್ಬಕ್ಕೆ ಬಂದಾಗ ಸದ್ದು ಕೇಳಿತು. ಚಕ್ರ ತಿರುಗುತ್ತಿತ್ತು.

ಅಲ್ಲೇ ನಿಂತ. ಕೆಳಗಿಳಿಯಲು ಬರೀ ಐವತ್ತು ಹೆಜ್ಜೆ. ಇಳಿದರೆ ನೋಡಬೇಕಾಗುತ್ತದೆ. ಇಳಿಯದಿದ್ದರೆ ಇನ್ನೂ ಏನೂ ಆಗಿಲ್ಲ. ಮರ ಹಿಡಿದು ನಿಂತವನು ಸಣ್ಣ ಹುಡುಗನ ದನಿಯಲ್ಲಿ "ದೊಡ್ಡಮ್ಮಾ" ಎಂದ. ನೀರಿನ ಸದ್ದಿನಲ್ಲಿ ಅದು ಅವನಿಗೇ ಕೇಳಿಸಲಿಲ್ಲ. ಇನ್ನೊಂದು ಸಲ ಕರೆಯಲು ಧೈರ್ಯ ಬರಲಿಲ್ಲ, ಉತ್ತರ ಬಾರದಿದ್ದರೆ?

"ಆ ಕೈ ಇತ್ಲಾಗೆ ಕೊಡಿ ಅಂದೆ! ಗಂಡ್ಸಾಗಿ ಇಷ್ಟಕ್ಕೆ ಒದರ್ತೀರಲ್ಲ!"

ದೊಡ್ಡಮ್ಮನ ದನಿ. ಬೈಗುಳದ ದನಿ. ನಾಗೇಂದ್ರ ಕುಂಡೆಯ ಮೇಲೆ ಜಾರಿಕೊಂಡೇ ಕೆಳಗೆ ಬಂದ.

ಸುಬ್ಬರಾಯ ಭಟ್ಟರು ಕಲ್ಲಿನ ಮೇಲೆ ಕೂತಿದ್ದರು. ಮೈಯೆಲ್ಲ ಕೆಸರು, ಮುಂಗೈಯಲ್ಲಿ ರಕ್ತ. ಕೆರಿಯಮ್ಮ ಸೆರಗಿನ ಅಂಚು ಹರಿದು ಅದಕ್ಕೆ ಸುತ್ತುತ್ತಿದ್ದಳು. ನಾಗೇಂದ್ರ ಮೊದಲು ಅವಳ ಬಲಗೈ ಹಿಡಿದ. ಐದು ಬೆರಳು. ಎಡಗೈ ಹಿಡಿದ. ಐದು. ಇನ್ನೊಂದು ಸಲ ಎಣಿಸಿದ.

"ಇವಳು ಕಚ್ಚಿದ್ದು" ಎಂದರು ಭಟ್ಟರು. "ಬರೆದುಕೊ ಬೇಕಾದ್ರೆ. ನಾಯಿ ಕಚ್ಚಿದ್ರೂ ಇಷ್ಟು ಆಗ್ತಿರಲಿಲ್ಲೆ."

ಆದದ್ದಿಷ್ಟು. ಭಟ್ಟರು ಕತ್ತಿ ಹಿಡಿದು, ಏದುಸಿರು ಬಿಡುತ್ತಾ, ಹೊರಗೆ ಬಾ, ನೀರು ಬರ್ತದೆ ಎಂದು ಕೂಗುತ್ತಾ ಬಂದರು. ಹೊಂಡದೊಳಗಿದ್ದ ಕೆರಿಯಮ್ಮ ತಲೆಯೆತ್ತಿ ನೋಡಿದರೆ ಹನ್ನೆರಡು ವರ್ಷದ ಹಗೆ ಕತ್ತಿ ಹಿಡಿದು ಮೇಲೆ ನಿಂತಿದೆ. ಚಕ್ರ ಹಾಳು ಮಾಡಲು ಬಂದಿದ್ದಾನೆಂದುಕೊಂಡು ಅವಳು ಅದನ್ನೇ ತಬ್ಬಿ ಕೂತಳು. ನೀರು ಬರಾಕಿಲ್ಲ, ನಮ್ಮ ನಾಗೇಂದ್ರ ಬರ್ದಿಟ್ಟಿದಾನೆ, ಗೋಡೆ ಮೇಲೆ ಓದ್ಕಳಿ ಎಂದಳು. ಆ ನಾಗೇಂದ್ರನೇ ಫೋನ್ ಮಾಡಿದ್ದು ಎಂದು ಭಟ್ಟರು ಹೇಳಿದ್ದನ್ನು ನಂಬಲಿಲ್ಲ. ಹೇಗೆ ನಂಬುತ್ತಾಳೆ? ಫೋನಿನ ಮಾತು ಇವರ ಬಾಯಿಯದು, ಹಾಳೆಯ ಮಾತು ತನ್ನ ಹುಡುಗನದು. ಮತ್ತೆ ಚಕ್ರದೊಳಗೆ ಕೈ ತೂರಿಸಿದಳು. ಭಟ್ಟರು ಕತ್ತಿ ಎಸೆದು, ಹೊಂಡಕ್ಕೆ ಹಾರಿ, ಮಡಿ ಮೈಲಿಗೆ ಎಲ್ಲ ಬಿಟ್ಟು, ಅವಳ ತುರುಬು ಹಿಡಿದು ಎಳೆದರು. ಅವಳು ಕಚ್ಚಿದಳು, ಅವರು ಬಿಡಲಿಲ್ಲ. ಇಬ್ಬರೂ ದಡಕ್ಕೆ ಬಂದು ಬಿದ್ದು ಇನ್ನೂ ಗುದ್ದಾಡುತ್ತಿರುವಾಗಲೇ ಪೆಟ್ಟಿಗೆಯಲ್ಲಿ ಟಕ್ ಎಂದಿತು. ಎಲೆ ಕೆದಕಲು ಅವಳು ಒಳಗೇ ಬಿಟ್ಟಿದ್ದ ಬೈನೆ ಮರದ ಕೋಲು ಚೂರುಚೂರಾಗಿ ಹೊರಗೆ ಹಾರಿತು.

ಚೂರುಗಳು ಇನ್ನೂ ಅಲ್ಲೇ ಬಿದ್ದಿದ್ದವು. ಒಂದೂ ಬೆರಳಿಗಿಂತ ಉದ್ದ ಇರಲಿಲ್ಲ. ನಾಗೇಂದ್ರ ಅವುಗಳನ್ನು ನೋಡಿ, ಭಟ್ಟರ ಎದುರಿಗೆ ಕೈ ಮುಗಿದ. "ಸಾಕು ಸಾಕು, ಮೊದಲು ಆ ನೀರು ನಿಲ್ಲಿಸು ಹೋಗು" ಎಂದು ಅವರು ಗದರಿದರು.

ಅವನು ಕೈಚಕ್ರ ಬಿಗಿ ಮಾಡಿ ಬರುವಷ್ಟರಲ್ಲಿ ಕೆರಿಯಮ್ಮ ಗೋಡೆಯ ಹಾಳೆಯನ್ನು ಕಿತ್ತು ತಂದು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ನಾಗೇಂದ್ರ ಅವಳ ಕಾಲ ಬಳಿ ಕೂತು ಎಲ್ಲ ಹೇಳಿದ. ಹೊಸ ಪುಸ್ತಕ ಬಂದದ್ದು, ಅದರ ಕನ್ನಡ ಚೆನ್ನಾಗಿಲ್ಲವೆಂದು ಓದದೆಯೇ ಬೇಡವೆಂದದ್ದು, ತನ್ನದನ್ನೇ ಉಳಿಸಿದ್ದು. ಅವಳು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಹಾಳೆಯ ಮೇಲೆ ಬೆರಳಿಟ್ಟು ಮೆಲ್ಲಗೆ ಕೂಡಿಸಿ ಓದಿದಳು.

"ಒಂದು. ಕೆಂಪು ಗುಂಡಿ ಒತ್ತಿ. ಎರಡು. ಚಕ್ರ ನಿಲ್ಲುವವರೆಗೆ ಕಾಯಿರಿ. ಮೂರು. ನೀವು ಮತ್ತೆ ಗುಂಡಿ ಒತ್ತುವವರೆಗೆ ನೀರು ಬರುವುದಿಲ್ಲ. ಹೆದರಬೇಡಿ. ಧೈರ್ಯವಾಗಿ ಕೈ ಹಾಕಿ."

ಬೆರಳು ಅಲ್ಲೇ ನಿಂತಿತು.

"ಈ ಹೆದರಬೇಡಿ ಅನ್ನೋದು ಅವರ ಇಂಗ್ಲಿಷಿನಾಗೂ ಇತ್ತಾ?"

"ಇಲ್ಲ ದೊಡ್ಡಮ್ಮ."

"ಮತ್ತೆ?"

"ನಾನೇ ಸೇರ್ಸಿದ್ದು."

"ಯಾಕೆ?"

ಭಟ್ಟರು ಕೈಯ ಕಟ್ಟನ್ನು ಹಿಡಿದುಕೊಂಡು ಬೇರೆ ಕಡೆ ನೋಡುತ್ತಿದ್ದರು. ನಾಗೇಂದ್ರ ತಲೆ ಎತ್ತಲಿಲ್ಲ.

"ನೀವು ಒಳಗೆ ಕೈ ಹಾಕೋದನ್ನ ನೆನೆಸ್ಕಂಡ್ರೆ ನಂಗೇ ಹೆದ್ರಿಕೆ ಆಗ್ತಿತ್ತು. ಅದಕ್ಕೇ ಹಂಗೆ ಬರ್ದೆ."

ಕೆರಿಯಮ್ಮ ಹಾಳೆಯನ್ನು ಅವನ ಕೈಗೆ ಕೊಟ್ಟಳು.

"ಅದನ್ನೇ ಬರೀಬೇಕಿತ್ತು ಮಗಾ. ನಿಂಗೆ ಹೆದ್ರಿಕೆ ಅಂತ ಗೊತ್ತಿದ್ರೆ ನಾನು ಕೈ ಹಾಕ್ತಿರ್ಲಿಲ್ಲ" ಎಂದಳು.